ಫ್ರೀಲ್ಯಾಂಡರ್ 1.8: ತಣ್ಣಗಿರುವಾಗಲೇ ನೋಡಿ

ಲೆಸ್ಟರ್‌ನಲ್ಲಿ ಸಿಕ್ಕಿರುವ 2003ರ ಪೆಟ್ರೋಲ್ ಫ್ರೀಲ್ಯಾಂಡರ್ (ಲ್ಯಾಂಡ್ ರೋವರ್‌ನ ನಾಲ್ಕು ಚಕ್ರ ಚಾಲನೆಯ ಗಾಡಿ) ಅಗ್ಗವಾಗಿದೆ, ಆದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕ್ ಮತ್ತು ತಲೆಭಾಗದ ನಡುವಿನ ಸೀಲ್) ಕಥೆ ಕೇಳಿ ಭಯವಾಗಿದೆ ಎಂದಿದ್ದೀರಿ. ಆ ಭಯ ಸುಳ್ಳಲ್ಲ. ಆ 1.8 ಲೀಟರ್ ಕೆ-ಸೀರೀಸ್ ಎಂಜಿನ್ನಿನಲ್ಲಿ ಕೂಲಂಟ್, ಅಂದರೆ ತಂಪಾಗಿಸುವ ದ್ರವ, ಕಡಿಮೆ. ತುಸು ಸೋರಿದರೂ ಬಿಸಿಯೇರಿ ಗ್ಯಾಸ್ಕೆಟ್ ಕೈಕೊಡುತ್ತದೆ.

ನೀವು ಹೋಗುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಮೊದಲೇ ತಿಳಿಸಿ. ಬಾನೆಟ್ ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ನಾನು ಎಣಿಸುತ್ತೇನೆ. ಆಯಿಲ್ ಮುಚ್ಚಳ ತೆರೆದು ಒಳಬದಿ ನೋಡಿ. ಹಾಲಿನ ಕೆನೆಯಂಥ ಲೇಪವಿದ್ದರೆ ಎಣ್ಣೆಗೆ ಕೂಲಂಟ್ ಬೆರೆತಿರಬಹುದು, ಎಚ್ಚರ. (ಚಳಿಗಾಲದಲ್ಲಿ ಬರೀ ಅಂಗಡಿಗೆ ಹೋಗಿಬರುವ ಗಾಡಿಯಲ್ಲೂ ತುಸು ಕಾಣಿಸುವುದುಂಟು.) ಕೂಲಂಟ್ ಟ್ಯಾಂಕಿನಲ್ಲಿ ಎಣ್ಣೆ ತೇಲುತ್ತಿದ್ದರೆ ಮಾತೇ ಬೇಡ, ಹಿಂದಿರುಗಿ. ಗ್ಯಾಸ್ಕೆಟ್ ಈಗಾಗಲೇ ಬದಲಾಗಿದೆ, ಹಲವು ಪದರದ ಉಕ್ಕಿನದನ್ನು ಹಾಕಿಸಿದ್ದಾರೆ ಎಂಬ ಬಿಲ್ ಇದ್ದರೆ ಅದು ದೋಷವಲ್ಲ, ಭಾಗ್ಯ.

ಎಲ್ಲರೂ ಎಂಜಿನ್ ನೋಡಿ ಮರೆಯುವುದು ಗಾಡಿಯ ಹೊಟ್ಟೆಯನ್ನು. ಹಿಂಚಕ್ರಗಳಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿಟ್ಟು ಮಾರುವವರಿದ್ದಾರೆ; ಬಗ್ಗಿ ನೋಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ರಿವರ್ಸ್ ತೆಗೆಯಿರಿ. ಬ್ರೇಕ್ ಹಿಡಿದಂತೆ ತಡೆದರೆ ನಡುವಿನ ವಿಸ್ಕಸ್ ಕಪ್ಲಿಂಗ್ (ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗದ ವ್ಯತ್ಯಾಸಕ್ಕೆ ಹೊಂದಿಕೊಳ್ಳುವ ಭಾಗ) ಬಿಗಿದಿರಬಹುದು. ನಾಲ್ಕೂ ಟೈರುಗಳು ಒಂದೇ ಬಗೆಯವಾಗಿರಲಿ, ಸವೆತವೂ ಹೆಚ್ಚುಕಡಿಮೆ ಒಂದೇ ಇರಲಿ.

ನೋಂದಣಿ ಸಂಖ್ಯೆ ಕೊಟ್ಟರೆ ಸರ್ಕಾರಿ ಜಾಲತಾಣದಲ್ಲಿ ಎಂಒಟಿ (ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆ) ಇತಿಹಾಸ ಉಚಿತವಾಗಿ ಸಿಗುತ್ತದೆ. ಹೊರಡುವ ಮೊದಲೇ ಓದಿ. ನನ್ನನ್ನು ಕೇಳಿದರೆ, ಅದೇ ಕಾಲದ ಫ್ರೀಲ್ಯಾಂಡರಿನ ಟಿಡಿ4 ಡೀಸೆಲ್ ಮಾದರಿ ಹುಡುಕುತ್ತೇನೆ. ಅದರ ಎಂಜಿನ್ ಬಿಎಂಡಬ್ಲ್ಯೂನದು.