ಉತ್ತರ: ‘ಇಮ್ಮಾರ್ಟಲ್ ಬಾಖ್’ ಯಾಕೆ ಹಾಗೆ ಕೇಳಿಸುತ್ತೆ?

ಸ್ವರಗಳೆಲ್ಲ ಕಲಸಿಹೋಗಿವೆ, ರೆಕಾರ್ಡಿಂಗೇ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಇಲ್ಲ ಕಣ್ರೀ, ನಾರ್ವೆಯ ಸಂಗೀತ ಸಂಯೋಜಕ ಕ್ನುಟ್ ನಿಸ್ಟೆಡ್ ಈ ವೃಂದಗಾನವನ್ನು 1988ರಲ್ಲಿ ಬರೆದದ್ದೇ ಹಾಗೆ! ಮೊದಲು ಹಳೆಯ ಜರ್ಮನ್ ಸಂಯೋಜಕ ಬಾಖ್‌ನ ಒಂದು ಹಾಡನ್ನು ನೆಟ್ಟಗೆ ಹಾಡ್ತಾರೆ. ಆಮೇಲೆ ಗಾಯಕರು ಗುಂಪುಗಳಾಗಿ ಒಡೆದು, ಅದೇ ಸಾಲನ್ನು ಬೇರೆಬೇರೆ ವೇಗದಲ್ಲಿ ಎಳೀತಾರೆ. ಬೇಗ ಮುಗಿಸಿದವರು ಸಾಲಿನ ಕೊನೆಯ ಸ್ವರ ಹಿಡಿದು ಉಳಿದವರಿಗೆ ಕಾಯಬೇಕು. ಎಲ್ಲರೂ ಬಂದು ಸೇರುವ ಆ ಗಳಿಗೆ ಇದೆಯಲ್ಲ, ಅದಕ್ಕಾಗಿಯೇ ಕೇಳಬೇಕು, ಹೆಡ್‌ಫೋನ್ ಹಾಕಿಕೊಂಡು.

ಕಾಯರ್ (ಹಲವರು ಸೇರಿ ಹಾಡುವ ಗಾಯಕವೃಂದ) ಒಳಗಿಂದ ಗೊತ್ತಿದ್ದವರಿಗಷ್ಟೇ ಇದು ಹೊಳೆಯೋದು. ನಿಸ್ಟೆಡ್ 1950ರಲ್ಲಿ ಓಸ್ಲೋದಲ್ಲಿ ನಾರ್ವೇಜಿಯನ್ ಸೋಲೋಯಿಸ್ಟ್ಸ್ ಕಾಯರ್ ಕಟ್ಟಿ, 1990ರವರೆಗೆ ತಾವೇ ನಡೆಸಿದರು. ಜೊತೆಗೆ ಟೋರ್ಸ್‌ಹೋವ್ ಚರ್ಚಿನಲ್ಲಿ ಆರ್ಗನ್ ವಾದಕರೂ ಆಗಿದ್ದರು. 1915ರಲ್ಲಿ ಹುಟ್ಟಿದವರು, 2014ರಲ್ಲಿ ತೀರಿಕೊಂಡಾಗ 99.