ಕೆನಡಾ ಪಿಆರ್ (ಕಾಯಂ ವಾಸ): ಹೆಂಡತಿಯ ಹೆಸರು ಸೇರಿಸಿದರೆ ಅಂಕ ಹೋಗುತ್ತದೆಯೇ?

ಪ್ರಶ್ನೆ: ನನಗೆ 31 ವರ್ಷ, ಬಿ.ಇ. ಆಗಿದೆ, ಬೆಂಗಳೂರಿನಲ್ಲಿ ನಾಲ್ಕು ವರ್ಷದ ಸಾಫ್ಟ್‌ವೇರ್ ಅನುಭವ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟ) 9 ಬಂದಿದೆ. ಹೆಂಡತಿಗೆ 28, ಎಂ.ಟೆಕ್. ಓದಿ ಮೂರು ವರ್ಷದಿಂದ ಕೆಲಸದಲ್ಲಿದ್ದಾಳೆ. ‘ಮೇಡಂ ಹೆಸರು ಹಾಕಿದರೆ 25 ಅಂಕ ಹೋಗುತ್ತೆ ಸಾರ್, ಸಿಂಗಲ್ ಅಂತ ಹಾಕಿಬಿಡಿ, ಆಮೇಲೆ ಕರೆಸಿಕೊಳ್ಳಬಹುದು’ ಎನ್ನುತ್ತಾರೆ ಕನ್ಸಲ್ಟೆನ್ಸಿಯವರು. ಹಾಗೆ ಮಾಡಬಹುದೇ? (ಓದುಗರು, ರಾಜಾಜಿನಗರ)

ಉತ್ತರ: ಬೇಡ. ನೀವು ಕೇಳುತ್ತಿರುವುದು ಎಕ್ಸ್‌ಪ್ರೆಸ್ ಎಂಟ್ರಿಯ ಅಂಕದ ಬಗ್ಗೆ; ವಯಸ್ಸು, ಓದು, ಭಾಷೆ, ಅನುಭವಕ್ಕೆ ಅಂಕ ಕೊಟ್ಟು, ಹೆಚ್ಚು ಅಂಕದವರನ್ನು ಪಿಆರ್ ಅರ್ಜಿಗೆ ಕರೆಯುವ ವ್ಯವಸ್ಥೆ ಅದು. ಮದುವೆಯಾದವರು ‘ಸಿಂಗಲ್’ ಎಂದು ತುಂಬಿಸಿದರೆ ಕೆನಡಾದ ವಲಸೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಅದು ಸುಳ್ಳು ಮಾಹಿತಿ. ಅರ್ಜಿ ತಿರಸ್ಕಾರವಾಗುವುದರ ಜೊತೆಗೆ ಐದು ವರ್ಷ ನಿಷೇಧ ಬೀಳುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ನಿಯಮ 117(9)(ಡಿ)ಯದು. ನಿಮ್ಮ ಪಿಆರ್ ಆಗುವಾಗ ಹೆಸರು ಹೇಳದೆ, ತಪಾಸಣೆಗೆ ಒಳಪಡಿಸದೆ ಬಿಟ್ಟ ಹೆಂಡತಿಯನ್ನು ಮುಂದೆ ಕುಟುಂಬ ವರ್ಗದಲ್ಲಿ ಸ್ಪಾನ್ಸರ್ ಮಾಡುವ ದಾರಿಯೇ ಮುಚ್ಚಿಹೋಗುತ್ತದೆ. ‘ಆಮೇಲೆ ಕರೆಸಿಕೊಳ್ಳಬಹುದು’ ಎಂಬ ಸಲಹೆ ನಂಬಿದವರು ಸಿಕ್ಕಿಬೀಳುವುದು ಇಲ್ಲೇ.

ಹೆಂಡತಿಯ ವಿಷಯದಲ್ಲಿ ಫಾರಂ ಎರಡು ಸಂಗತಿ ಕೇಳುತ್ತದೆ. ಮದುವೆಯಾಗಿದೆಯೇ ಎಂಬುದು ಒಂದು, ಅವರು ನಿಮ್ಮೊಂದಿಗೆ ಬರುತ್ತಾರೆಯೇ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ನಿಮಗೆ ಆಯ್ಕೆಯಿಲ್ಲ. ಎರಡನೆಯದಕ್ಕೆ ‘ಇಲ್ಲ’ ಎನ್ನಲು ಕಾನೂನಿನ ಅಡ್ಡಿಯಿಲ್ಲ, ಆಗ ಅಂಕವನ್ನು ಒಂಟಿ ಅಭ್ಯರ್ಥಿಯ ಲೆಕ್ಕದಲ್ಲೇ ಹಾಕುತ್ತಾರೆ.

ಈಗ 25 ಅಂಕದ ವಿಷಯ. ಆ ಸಂಖ್ಯೆ ಸುಳ್ಳಲ್ಲ, ಅರ್ಧ ಲೆಕ್ಕ ಅಷ್ಟೇ. ಒಂಟಿಯಾಗಿ ನಿಮಗೆ ವಯಸ್ಸಿಗೆ 99, ಬಿ.ಇ.ಗೆ 120, ಇಂಗ್ಲಿಷಿನ ನಾಲ್ಕು ಭಾಗಕ್ಕೆ 31ರಂತೆ 124. ಓದು ಮತ್ತು ಭಾಷೆ ಸೇರಿದ್ದಕ್ಕೆ 25, ಭಾರತದ ಅನುಭವ ಮತ್ತು ಭಾಷೆ ಸೇರಿದ್ದಕ್ಕೆ 50. ಒಟ್ಟು 418. ಹೆಂಡತಿ ಜೊತೆಗೆ ಬರುತ್ತಾರೆ ಎಂದರೆ ವಯಸ್ಸು 90ಕ್ಕೆ, ಓದು 112ಕ್ಕೆ, ಭಾಷೆ 116ಕ್ಕೆ ಇಳಿದು ಒಟ್ಟು 393 ಆಗುತ್ತದೆ. ಕನ್ಸಲ್ಟೆನ್ಸಿಯವರ ಲೆಕ್ಕ ಅಲ್ಲಿಗೆ ನಿಂತಿದೆ. ಆದರೆ ಇಳಿದ ಅಂಕಕ್ಕೆ ಬದಲಾಗಿ ಸಂಗಾತಿಗೆಂದೇ 40 ಅಂಕ ಮೀಸಲಿದೆ: ಓದಿಗೆ 10, ಭಾಷೆಗೆ 20, ಕೆನಡಾದಲ್ಲಿ ಕೆಲಸ ಮಾಡಿದ್ದರೆ 10. ನಿಮ್ಮಾಕೆ ಐಇಎಲ್‌ಟಿಎಸ್ ಬರೆದು ಸಿಎಲ್‌ಬಿ 9 ತಂದರೆ 20, ಎಂ.ಟೆಕ್.ಗೆ 10. ಆಗ ನಿಮ್ಮ ಅಂಕ 423. ಒಂಟಿ ಲೆಕ್ಕಕ್ಕಿಂತ 5 ಹೆಚ್ಚೇ.

ಹೆಂಡತಿಯನ್ನೇ ಮುಖ್ಯ ಅರ್ಜಿದಾರರನ್ನಾಗಿ ಮಾಡಿ ನೋಡಿ, ನಿಜವಾದ ಲಾಭ ಅಲ್ಲಿದೆ. ಅವರ ವಯಸ್ಸಿಗೆ 100, ಎಂ.ಟೆಕ್.ಗೆ 126, ಸಿಎಲ್‌ಬಿ 9ಕ್ಕೆ 116. ಸ್ನಾತಕೋತ್ತರ ಪದವಿ ಇರುವುದರಿಂದ ಓದು-ಭಾಷೆ ಜೋಡಿಗೆ 25ರ ಬದಲು 50, ಅನುಭವ-ಭಾಷೆಗೆ 50. ನಿಮ್ಮ ಬಿ.ಇ.ಗೆ 8, ನಿಮ್ಮ ಭಾಷೆಗೆ 20. ಒಟ್ಟು 470. ಅದೇ ಗಂಡ-ಹೆಂಡತಿ, ಅದೇ ದಾಖಲೆ, 47 ಅಂಕ ಹೆಚ್ಚು. ಇಬ್ಬರ ಹೆಸರಿನಲ್ಲೂ ಪ್ರತ್ಯೇಕ ಪ್ರೊಫೈಲ್ ಹಾಕಿ, ಒಬ್ಬರಲ್ಲಿ ಇನ್ನೊಬ್ಬರನ್ನು ಸಂಗಾತಿಯಾಗಿ ತೋರಿಸಲು ಯಾವ ಅಡ್ಡಿಯೂ ಇಲ್ಲ. ಗಂಡಸಿನ ಹೆಸರಲ್ಲೇ ಅರ್ಜಿ ಹೋಗಬೇಕೆಂಬ ರೂಢಿ ನಮ್ಮ ಮನೆಗಳದು, ಕೆನಡಾದ್ದಲ್ಲ.

ಸಂಗಾತಿಯ ಭಾಷಾ ಅಂಕದಲ್ಲಿ ಒಂದು ಸೂಕ್ಷ್ಮವಿದೆ. ಪ್ರತಿ ಭಾಗಕ್ಕೆ ಸಿಎಲ್‌ಬಿ 5 ಮತ್ತು 6ಕ್ಕೆ 1 ಅಂಕ, 7 ಮತ್ತು 8ಕ್ಕೆ 3, 9 ಮತ್ತು ಮೇಲಕ್ಕೆ 5. ಅಂದರೆ 7ರಿಂದ 8ಕ್ಕೆ ಏರಿಸಲು ಮತ್ತೆ ಶುಲ್ಕ ಕಟ್ಟಿ ಪರೀಕ್ಷೆ ಬರೆದರೆ ಒಂದು ಅಂಕವೂ ಹುಟ್ಟುವುದಿಲ್ಲ. ಸಿಎಲ್‌ಬಿ 9ಕ್ಕೆ ಐಇಎಲ್‌ಟಿಎಸ್‌ನ ಓದು, ಬರಹ, ಮಾತು ಮೂರರಲ್ಲೂ 7 ಸಾಕು, ಲಿಸನಿಂಗ್‌ನಲ್ಲಿ ಮಾತ್ರ 8 ಬೇಕು. ಹೆಚ್ಚಿನವರು 7.5ಕ್ಕೆ ನಿಲ್ಲುವುದು ಅಲ್ಲೇ. ಬರೆಯಬೇಕಾದ್ದು ಜನರಲ್ ಟ್ರೈನಿಂಗ್, ಅಕಾಡೆಮಿಕ್ ನಡೆಯುವುದಿಲ್ಲ. ಸೆಲ್ಪಿಪ್ ಜನರಲ್ ಮತ್ತು ಪಿಟಿಇ ಕೋರ್ ಎಂಬ ಇಂಗ್ಲಿಷ್ ಪರೀಕ್ಷೆಗಳೂ ಆಗುತ್ತವೆ. ಫಲಿತಾಂಶಕ್ಕೆ ಎರಡು ವರ್ಷ ಆಯುಷ್ಯ.

ಪದವಿಗೆ ಅಂಕ ಬೇಕಿದ್ದರೆ ಸಂಗಾತಿಗೂ ಇಸಿಎ ವರದಿ (ಇಲ್ಲಿನ ಪದವಿ ಕೆನಡಾದ ಯಾವ ಪದವಿಗೆ ಸಮ ಎಂಬ ವರದಿ) ಬೇಕು. ಡಬ್ಲ್ಯುಇಎಸ್ ಸೇರಿದಂತೆ ಮಾನ್ಯತೆ ಪಡೆದ ಸಂಸ್ಥೆಯಿಂದ ಪಡೆದದ್ದು ಐದು ವರ್ಷ ನಡೆಯುತ್ತದೆ. ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಹೋಗುವುದೇ ಇದರಲ್ಲಿ ತಡವಾಗುವ ಕೆಲಸ. ಆದ್ದರಿಂದ ಐಇಎಲ್‌ಟಿಎಸ್ ತಯಾರಿಗೆ ಮೊದಲೇ ಅದನ್ನು ಶುರುಮಾಡಿ. ಇನ್ನೊಂದು ಮಾತು: ಹೆಂಡತಿಯ ಅಣ್ಣನೋ ತಂಗಿಯೋ ಕೆನಡಾದಲ್ಲಿ ಪಿಆರ್ ಅಥವಾ ಪೌರರಾಗಿ ನೆಲೆಸಿದ್ದು, 18 ವರ್ಷ ದಾಟಿದ್ದರೆ 15 ಅಂಕ ಸಿಗುತ್ತದೆ. ಅದು ಹೆಂಡತಿ ಜೊತೆಗೆ ಬರುವುದಾದರೆ ಮಾತ್ರ.

‘ಜೊತೆಗೆ ಬರುವುದಿಲ್ಲ’ ಎಂದು ಹಾಕಿದರೆ ಖರ್ಚು ಉಳಿಯುತ್ತದೆ ಎಂಬ ಎಣಿಕೆಯೂ ಪೂರ್ತಿ ಸರಿಯಲ್ಲ. ಉಳಿಯುವುದು ಸಂಗಾತಿಯ ಶುಲ್ಕ: 2024ರ ಏಪ್ರಿಲ್ 30ರ ದರದಂತೆ ಪರಿಶೀಲನೆಗೆ 950, ಪಿಆರ್ ಹಕ್ಕಿಗೆ 575, ಒಟ್ಟು 1,525 ಕೆನಡಿಯನ್ ಡಾಲರ್. ಈ ದರ ಎರಡು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ, ಕಟ್ಟುವ ಮುನ್ನ ಹೊಸದನ್ನು ನೋಡಿಕೊಳ್ಳಿ. ಮೆಡಿಕಲ್ ಮತ್ತು ಪೊಲೀಸ್ ಪ್ರಮಾಣಪತ್ರ ಮಾತ್ರ ಬರದ ಸಂಗಾತಿಗೂ ಬೇಕೇ ಬೇಕು. ಬ್ಯಾಂಕಿನಲ್ಲಿ ತೋರಿಸುವ ಹಣವೂ ಇಬ್ಬರ ಲೆಕ್ಕದ್ದೇ. 2025ರ ಜುಲೈ ಪಟ್ಟಿಯಲ್ಲಿ ಒಬ್ಬರಿಗೆ 15,263 ಡಾಲರ್, ಇಬ್ಬರಿಗೆ 19,001. ಸಂಗಾತಿ ಬರದಿದ್ದರೂ ನಿಮಗೆ ಅನ್ವಯಿಸುವುದು ಎರಡನೆಯದು. ಬ್ಯಾಂಕಿನ ಪತ್ರದಲ್ಲಿ ಆರು ತಿಂಗಳ ಸರಾಸರಿ ಬ್ಯಾಲೆನ್ಸ್ ಇರಬೇಕು. ಮದುವೆಯ ಮುಯ್ಯಿ, ಎತ್ತಿದ ಚೀಟಿ, ಅಪ್ಪ ಸೈಟು ಮಾರಿ ಕೊಟ್ಟದ್ದು ಎಂದು ಒಮ್ಮೆಲೇ ದೊಡ್ಡ ಮೊತ್ತ ಬಿದ್ದಿದ್ದರೆ ಅದರ ಮೂಲಕ್ಕೆ ಕಾಗದ ಲಗತ್ತಿಸಿ. ಹೆಂಡತಿ ಈಗಾಗಲೇ ಕೆನಡಾದಲ್ಲಿ ನಿಮ್ಮ ಜೊತೆಯಲ್ಲೇ ವಾಸವಿರುವಾಗ ‘ಬರುವುದಿಲ್ಲ’ ಎಂದು ತುಂಬಿದರೆ ಅಧಿಕಾರಿಗಳು ವಿವರಣೆ ಕೇಳುತ್ತಾರೆ. ಅಂಕಕ್ಕಾಗಿ ಹಾಗೆ ಹಾಕಿದ್ದು ಎಂದು ಅವರಿಗೆ ಅನ್ನಿಸಿದರೆ ಮತ್ತೆ 40ನೇ ಸೆಕ್ಷನ್ನೇ.

ಪ್ರಶ್ನೆ: ಮಗನಿಗೆ ಕಳೆದ ವಾರ ಐಟಿಎ (ಪಿಆರ್ ಅರ್ಜಿ ಹಾಕಲು ಆಹ್ವಾನ) ಬಂತು. ನಿಶ್ಚಿತಾರ್ಥ ಆಗಿದೆ, ಮುಂದಿನ ತಿಂಗಳು ಮದುವೆ. ಮದುವೆಯನ್ನು ರಿಜಿಸ್ಟರ್ ಮಾಡಿಸದೆ ಇದ್ದರೆ ಸಿಂಗಲ್ ಎಂದೇ ಮುಂದುವರಿಯಬಹುದಲ್ಲವೇ? (ಓದುಗರು, ದಾವಣಗೆರೆ)

ಉತ್ತರ: ಆಗದು. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆ ಆಗುವುದು ಶಾಸ್ತ್ರದಿಂದ; ಸಪ್ತಪದಿ ಇರುವ ಕಡೆ ಏಳನೇ ಹೆಜ್ಜೆಗೆ ಅದು ಪೂರ್ಣ. ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಅದಕ್ಕೆ ಸಾಕ್ಷಿ ಅಷ್ಟೇ. ಪ್ರಮಾಣಪತ್ರದಲ್ಲೂ ಮದುವೆ ನಡೆದ ದಿನಾಂಕ ಬೇರೆಯಾಗಿ ಇರುತ್ತದೆ, ಅಧಿಕಾರಿ ನೋಡುವುದು ಅದನ್ನೇ. ನಿಶ್ಚಿತಾರ್ಥಕ್ಕೆ ಮಾತ್ರ ಯಾವ ತೊಡಕೂ ಇಲ್ಲ, ಅಲ್ಲಿಯವರೆಗೆ ಮಗ ಸಿಂಗಲ್ಲೇ.

ಅಂಕ ಎರಡು ದಿನ ಸರಿಯಿರಬೇಕು: ಐಟಿಎ ಬಂದ ದಿನ ಮತ್ತು ಪೂರ್ಣ ಅರ್ಜಿ ಸಲ್ಲಿಕೆಯಾದ ದಿನ. ಐಟಿಎ ಬಂದ ಮೇಲೆ 60 ದಿನ ಇರುತ್ತದೆ. ಮಗನ ಕಾಗದಗಳೆಲ್ಲ ಸಿದ್ಧವಿದ್ದರೆ ಮುಹೂರ್ತಕ್ಕೆ ಮೊದಲೇ ಅರ್ಜಿ ಸಲ್ಲಿಸಿ. ಆ ದಿನ ಅವನು ಸಿಂಗಲ್, ಅಂಕ ಭದ್ರ. ಮದುವೆಯಾದ ಕೂಡಲೇ ಐಆರ್‌ಸಿಸಿಯ (ಕೆನಡಾದ ವಲಸೆ ಇಲಾಖೆ) ವೆಬ್ ಫಾರಂ ಮೂಲಕ ತಿಳಿಸಿ ಸೊಸೆಯನ್ನು ಸೇರಿಸಬೇಕು. ಅದಕ್ಕೆ ಐಎಂಎಂ 0008, 5669 ಮತ್ತು 5406 ಫಾರಂ, ಮದುವೆ ಪ್ರಮಾಣಪತ್ರ, ಪಾಸ್‌ಪೋರ್ಟ್, ಫೋಟೊ, ಪಿಸಿಸಿ (ಪೊಲೀಸ್ ಪ್ರಮಾಣಪತ್ರ) ಮತ್ತು ಶುಲ್ಕ ಬೇಕು. ಅಂಕವನ್ನು ಆಗ ಮತ್ತೆ ಎಣಿಸುವುದಿಲ್ಲ.

ಮದುವೆ ಮೊದಲು, ಅರ್ಜಿ ಆಮೇಲೆ ಎಂದಾದರೆ ಹೊಸ ಅಂಕ ಲೆಕ್ಕ ಹಾಕಿ. ಐಟಿಎ ಬಂದ ಆ ಡ್ರಾದ (ಆಯ್ಕೆಯ ಸುತ್ತಿನ) ಕಟ್‌ಆಫ್‌ಗಿಂತ ಕೆಳಗೆ ಬಿದ್ದರೆ ಐಟಿಎಯನ್ನು ನಿರಾಕರಿಸಿ ಅಭ್ಯರ್ಥಿಗಳ ಪೂಲ್‌ಗೆ ಮರಳುವುದೇ ಲೇಸು. ಹಠಕ್ಕೆ ಬಿದ್ದು ಸಲ್ಲಿಸಿದರೆ ಅರ್ಜಿ ತಿರಸ್ಕಾರವಾಗುತ್ತದೆ.

ಇನ್ನೊಂದು ಗಂಡಾಂತರ ಕೊನೆಯ ಹಂತದ್ದು. ಸಿಒಪಿಆರ್ (ಪಿಆರ್ ಖಚಿತಪಡಿಸುವ ಪತ್ರ) ಕೈಗೆ ಬಂದು, ಹಾರುವ ಮೊದಲು ಊರಿನಲ್ಲಿ ಮದುವೆ ಮುಗಿಸಿ, ಏನೂ ಹೇಳದೆ ಲ್ಯಾಂಡ್ ಆಗುವವರಿದ್ದಾರೆ. 117(9)(ಡಿ) ಅವರಿಗೂ ತಗಲುತ್ತದೆ. ಮದುವೆಯ ಸುದ್ದಿ ತಿಳಿಸಿ, ಉತ್ತರ ಬರುವವರೆಗೆ ವಿಮಾನ ಹತ್ತಬಾರದು. ಲ್ಯಾಂಡ್ ಆದ ಮೇಲೆ ಊರಿಗೆ ಬಂದು ಮದುವೆಯಾದರೆ ಚಿಂತೆಯಿಲ್ಲ, ಸ್ಪಾನ್ಸರ್ ಮಾಡಬಹುದು. ಹೆಂಡತಿಯನ್ನು ಸ್ಪಾನ್ಸರ್ ಮಾಡಲು ಸಾಮಾನ್ಯವಾಗಿ ಆದಾಯದ ಕನಿಷ್ಠ ಮಿತಿಯಿಲ್ಲ. ಆದರೆ ಪಿಆರ್ ಆದವನು ಕೆನಡಾದಲ್ಲೇ ವಾಸವಿರಬೇಕು.

ರಜೆ ಸಿಗಲಿಲ್ಲವೆಂದು ವಿಡಿಯೊ ಕರೆಯಲ್ಲಿ ತಾಳಿ ಕಟ್ಟಿಸುವ ಯೋಚನೆಯಿದ್ದರೆ ಬಿಡಿ. ವಧೂವರರಲ್ಲಿ ಒಬ್ಬರಾದರೂ ಖುದ್ದು ಹಾಜರಿಲ್ಲದ ಮದುವೆಯನ್ನು ಕೆನಡಾ ವಲಸೆಗೆ 2015ರಿಂದ ಒಪ್ಪುವುದಿಲ್ಲ.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ. ಮದುವೆ ಪ್ರಮಾಣಪತ್ರದಲ್ಲಿ ಹೆಸರಿನ ಜೊತೆ ಊರಿನ ಮತ್ತು ತಂದೆಯ ಇನಿಷಿಯಲ್ ಇದೆ. ಗಂಡನ ಅರ್ಜಿಗೆ ತೊಂದರೆಯಾಗುತ್ತದೆಯೇ? (ಓದುಗರು, ಹಾಸನ)

ಉತ್ತರ: ಇದು ನಮ್ಮ ಕಡೆಯ ಅರ್ಜಿಗಳ ನಿತ್ಯದ ಗೋಳು, ಗಾಬರಿಯಾಗಬೇಡಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲದಿದ್ದರೆ, ಕೊಟ್ಟ ಹೆಸರನ್ನು ಪೂರ್ತಿಯಾಗಿ ಕುಟುಂಬದ ಹೆಸರಿನ ಜಾಗದಲ್ಲಿ ತುಂಬಿ, ಇನ್ನೊಂದು ಜಾಗ ಖಾಲಿ ಬಿಡಬೇಕು. ಗಂಡನ ಹೆಸರನ್ನೋ ತಂದೆಯ ಹೆಸರನ್ನೋ ನೀವಾಗಿ ಸೇರಿಸಬೇಡಿ. ಪಾಸ್‌ಪೋರ್ಟಿನಂತೆಯೇ ಐಇಎಲ್‌ಟಿಎಸ್, ಮೆಡಿಕಲ್, ಪಿಸಿಸಿ ಎಲ್ಲ ಇರಲಿ. ಇನಿಷಿಯಲ್ ವ್ಯತ್ಯಾಸಕ್ಕೆ ‘ಇವೆರಡೂ ಒಬ್ಬಳದೇ ಹೆಸರು’ ಎಂಬ ನೋಟರಿ ಅಫಿಡವಿಟ್ ಮಾಡಿಸಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಜೊತೆಗಿಟ್ಟು, ವಿವರಣಾ ಪತ್ರದಲ್ಲಿ ಎರಡು ಸಾಲು ಬರೆಯಿರಿ.

ಪಿಸಿಸಿಗೆ ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಈಗಿನ ವಿಳಾಸವನ್ನೇ ಕೊಡಿ. ತವರಿನ ವಿಳಾಸ ಕೊಟ್ಟು ನೀವು ಗಂಡನ ಮನೆಯಲ್ಲಿದ್ದರೆ, ವಿಚಾರಣೆಗೆ ಬಂದ ಪೊಲೀಸರು ‘ಇಲ್ಲಿ ವಾಸವಿಲ್ಲ’ ಎಂದು ವರದಿ ಹಾಕಿ ಕೆಲಸ ನಿಲ್ಲುತ್ತದೆ. ವಾಸವಿರುವ ದೇಶದ ಪಿಸಿಸಿ ಅರ್ಜಿ ಸಲ್ಲಿಸುವ ದಿನಕ್ಕೆ ಆರು ತಿಂಗಳಿಗಿಂತ ಹಳೆಯದಿರಬಾರದು.

ಪ್ರಶ್ನೆ: ಮದುವೆಯಾಗಿಲ್ಲ, ಬೆಂಗಳೂರಿನಲ್ಲಿ ಒಂದೂವರೆ ವರ್ಷದಿಂದ ಜೊತೆಗಿದ್ದೇವೆ. ಸಂಗಾತಿಯನ್ನು ಸೇರಿಸಬಹುದೇ? (ಹೆಸರು, ಊರು ಬೇಡ ಎಂದಿದ್ದಾರೆ)

ಉತ್ತರ: ಸೇರಿಸಬಹುದು, ಸೇರಿಸಲೇಬೇಕು ಕೂಡ. ದಾಂಪತ್ಯದಂಥ ಸಂಬಂಧದಲ್ಲಿ ಸತತ 12 ತಿಂಗಳು ಒಂದೇ ಮನೆಯಲ್ಲಿ ಬಾಳಿದ್ದರೆ ಕೆನಡಾ ನಿಮ್ಮನ್ನು ಕಾಮನ್-ಲಾ ಸಂಗಾತಿಗಳೆಂದು ಎಣಿಸುತ್ತದೆ. ಆ ಮೇಲೆ ‘ಸಿಂಗಲ್’ ಎಂದು ತುಂಬುವುದೂ ಸುಳ್ಳೇ. ಒಂದೇ ಲಿಂಗದ ಜೋಡಿಗೂ ಇದೇ ನಿಯಮ. ಇಲ್ಲಿ ಅಂಥವರ ಮದುವೆಗೆ ಕಾನೂನಿನ ಮಾನ್ಯತೆ ಇಲ್ಲದಿರುವುದರಿಂದ ಭಾರತದಲ್ಲಿ ಒಟ್ಟಿಗೆ ಬಾಳುತ್ತಿರುವವರಿಗೆ ಇರುವ ದಾರಿ ಹೆಚ್ಚಾಗಿ ಇದೇ.

ಐಎಂಎಂ 5409 ಘೋಷಣೆಗೆ ನೋಟರಿ ಮುಂದೆ ಇಬ್ಬರೂ ಸಹಿ ಹಾಕಬೇಕು. ಪುರಾವೆಯಲ್ಲಿ ಎಡವುವುದು ಬಾಡಿಗೆ ಕರಾರಿನಲ್ಲಿ. ನಮ್ಮಲ್ಲಿ ಕರಾರು 11 ತಿಂಗಳದು. ಒಂದನ್ನೇ ಕೊಟ್ಟರೆ 12 ತಿಂಗಳು ಸಾಬೀತಾಗುವುದಿಲ್ಲ. ನವೀಕರಿಸಿದ ಕರಾರೂ ಬೇಕು, ಎರಡರಲ್ಲೂ ಇಬ್ಬರ ಹೆಸರಿರಬೇಕು. ಮನೆ ಮಾಲೀಕರು ಒಬ್ಬರ ಹೆಸರಿಗಷ್ಟೇ ಬರೆದುಕೊಟ್ಟಿದ್ದರೆ, ಇನ್ನೊಬ್ಬರೂ ಅಲ್ಲೇ ಇದ್ದರೆಂದು ತಾರೀಖು ಸಮೇತ ಅವರಿಂದ ಪತ್ರ ಪಡೆಯಿರಿ. ಜಂಟಿ ಖಾತೆ, ಒಂದೇ ವಿಳಾಸದ ಆಧಾರ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್, ನಾಮಿನಿಯಾಗಿ ಸಂಗಾತಿಯ ಹೆಸರಿರುವ ವಿಮೆ, ಇವಕ್ಕೆ ತೂಕ ಹೆಚ್ಚು. ಪ್ರವಾಸದ ಫೋಟೊ ನಾಲ್ಕಾರು ಸಾಕು. ಕಚೇರಿ ಕೆಲಸಕ್ಕೆ ಒಂದೆರಡು ವಾರ ಬೇರೆ ಊರಿಗೆ ಹೋದದ್ದರಿಂದ ಸತತ ವಾಸ ಮುರಿಯುವುದಿಲ್ಲ.

ಪ್ರಶ್ನೆ: ಹೆಂಡತಿ ಈಗ ನಾಲ್ಕು ತಿಂಗಳ ಗರ್ಭಿಣಿ. ಮೆಡಿಕಲ್ ಮಾಡಿಸಬಹುದೇ? (ಓದುಗರು, ಉಡುಪಿ)

ಉತ್ತರ: ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ 2025ರ ಆಗಸ್ಟ್ 21ರಿಂದ ಮೆಡಿಕಲ್ ಅನ್ನು ಅರ್ಜಿಗೆ ಮೊದಲೇ ಮಾಡಿಸಬೇಕು. ಐಆರ್‌ಸಿಸಿ ಪಟ್ಟಿಯಲ್ಲಿರುವ ಪ್ಯಾನಲ್ ವೈದ್ಯರೇ ಆಗಬೇಕು, ಮನೆ ಡಾಕ್ಟರ ಚೀಟಿ ನಡೆಯದು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಬಸಿರಿನ ವಿಷಯ ಹೇಳಿ. ಎದೆಯ ಎಕ್ಸ್-ರೇಯನ್ನು ಹೆರಿಗೆಯ ನಂತರಕ್ಕೆ ಮುಂದೂಡಬಹುದು, ಅಲ್ಲಿಯವರೆಗೆ ಕಡತ ಮುಂದೆ ಹೋಗುವುದಿಲ್ಲ. ಮಗು ಹುಟ್ಟಿದ ಮೇಲೆ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಮಾಡಿಸಿ ಮಗುವನ್ನೂ ಅರ್ಜಿಗೆ ಸೇರಿಸಬೇಕು. ಬಾಣಂತನಕ್ಕೆ ತಾಯಿ-ಮಗು ಊರಲ್ಲೇ ಉಳಿಯುತ್ತಾರೆ, ನೀವೊಬ್ಬರೇ ಮೊದಲು ಹೋಗುತ್ತೀರಿ ಎಂದಿದ್ದರೂ ಮಗುವಿನ ಹೆಸರು ಸೇರಿ, ಅದರ ಮೆಡಿಕಲ್ ಮುಗಿದ ಮೇಲೆಯೇ ಲ್ಯಾಂಡ್ ಆಗಿ.