‘ದುಡ್ಡಿಲ್ಲ’ ಅಂದರೆ ಮುಗಿಯಿತೇ? (ಸಂಪಾದಕರ ಉತ್ತರ)

ನಿಮ್ಮ ಪತ್ರ ಓದಿದೆ. ಸಂವಿಧಾನದಲ್ಲಿ ‘ನೀರಿನ ಹಕ್ಕು’ ಎಂದು ಎಲ್ಲೂ ಬರೆದಿಲ್ಲ, ನೀವು ಹೇಗೆ ಅದನ್ನು ಮೂಲಭೂತ ಹಕ್ಕು ಅಂತೀರಿ ಎಂದು ಕೇಳಿದ್ದೀರಿ. ಬಡಾವಣೆಯ ತೆರೆದ ಚರಂಡಿ ಬಗ್ಗೆ ಪುರಸಭೆಗೆ ದೂರು ಕೊಟ್ಟರೆ ‘ದುಡ್ಡಿಲ್ಲ’ ಎಂದು ಕಳಿಸುತ್ತಾರೆ, ಇಂಥ ಹಕ್ಕು ಇಟ್ಟುಕೊಂಡು ಏನು ಮಾಡೋದು ಅಂತಲೂ ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ನೇರವಾಗಿ ಬರೆದಿಲ್ಲ, ನಿಜ. ಆದರೆ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಅದೂ ಸೇರಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ. 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ, ಮಾಲಿನ್ಯವಿಲ್ಲದ ನೀರು ಮತ್ತು ಗಾಳಿ ಈ ಹಕ್ಕಿನ ಭಾಗ ಎಂದಿತು. ತಮಾಷೆ ಏನೆಂದರೆ, ಆ ಅರ್ಜಿಯನ್ನು ಸಾರ್ವಜನಿಕ ಹಿತಕ್ಕಾಗಿ ಹಾಕಿದ್ದಲ್ಲ ಎಂದು ವಜಾ ಮಾಡಿದರು. ಆದರೂ ಆ ಸಾಲನ್ನು ವಕೀಲರು ಇವತ್ತಿಗೂ ಕೋರ್ಟಿನಲ್ಲಿ ಓದುತ್ತಾರೆ. 2010ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ನೀರು ಮತ್ತು ನೈರ್ಮಲ್ಯ ಮಾನವ ಹಕ್ಕು ಎಂದು ನಿರ್ಣಯ ಮಾಡಿತು. ಭಾರತ ಪರವಾಗಿಯೇ ಮತ ಹಾಕಿತು. ಆದರೆ ಆ ನಿರ್ಣಯ ತೋರಿಸಿ ಪುರಸಭೆಯಿಂದ ಕೆಲಸ ಮಾಡಿಸಲು ಆಗುವುದಿಲ್ಲ.

ನಿಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ರತ್ಲಾಮ್ ಕತೆ. ಮಧ್ಯಪ್ರದೇಶದ ಈ ಊರಿನ ಒಂದು ವಾರ್ಡಿನಲ್ಲಿ ತೆರೆದ ಚರಂಡಿ, ಶೌಚಾಲಯವಿಲ್ಲದೆ ಬಯಲಿಗೇ ಹೋಗಬೇಕಾದ ಬಡವರು, ಮದ್ಯಸಾರದ ಕಾರ್ಖಾನೆಯಿಂದ ಹರಿದು ಬರುವ ಗಬ್ಬು ನೀರು. ಜನ ಮ್ಯಾಜಿಸ್ಟ್ರೇಟ್ ಹತ್ತಿರ ಹೋದರು. ಸರಿಪಡಿಸಿ ಎಂದು ಆದೇಶವಾಯಿತು. ಪುರಸಭೆ ಬಿಡಲಿಲ್ಲ, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದರ ವಾದವೇನು ಗೊತ್ತಾ? ನಮ್ಮ ಹತ್ತಿರ ದುಡ್ಡಿಲ್ಲ. ಜೊತೆಗೆ, ಈ ಜನ ಅಲ್ಲಿನ ಕೊಳಕು ಗೊತ್ತಿದ್ದೇ ಮನೆ ಮಾಡಿದ್ದಾರೆ! ಈ ಎರಡನೇ ಮಾತನ್ನು ನಿಮಗೂ ಯಾರೋ ಹೇಳಿರಬೇಕು, ಅಲ್ವಾ?

1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಇದನ್ನು ಒಪ್ಪಲಿಲ್ಲ. ಕಾನೂನು ಹೊರಿಸಿದ ಕರ್ತವ್ಯಕ್ಕೆ ಖಾಲಿ ಖಜಾನೆ ನೆಪವಾಗುವುದಿಲ್ಲ ಎಂದಿತು. ದುಡ್ಡು ಸಾಲದಿದ್ದರೆ ರಾಜ್ಯ ಸರ್ಕಾರದಿಂದ ಅನುದಾನವನ್ನೋ ಸಾಲವನ್ನೋ ತರಬೇಕು. ಶೌಚಾಲಯ ಕಟ್ಟಿ ನೀರು ಕೊಡಲು ಗಡುವು ಕೂಡ ಹಾಕಿತು. ಹಾಗಂತ ಸುಮ್ನೆ ಒಂದು ಅರ್ಜಿ ಹಾಕಿದರೆ ಸಾಕು ಎಂದು ನಾನು ಹೇಳುವುದಿಲ್ಲ. ರತ್ಲಾಮ್‌ನವರಿಗೂ ವರ್ಷಗಳೇ ಹಿಡಿದವು.

‘ಚರಂಡಿ ಹಾಳಾಗಿ ಹೋಗಲಿ, ನೀರು ಮಾತ್ರ ಸರಿಯಾಗಿ ಬರಲಿ’ ಎಂದು ಬರೆದಿದ್ದೀರಿ. ಇದನ್ನು ಮಾತ್ರ ನಾನು ಒಪ್ಪೋದಿಲ್ಲ. ದಿನಕ್ಕೆ ಒಂದೆರಡು ಗಂಟೆ ನೀರು ಬಿಟ್ಟು ನಿಲ್ಲಿಸಿದಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಆಗ ಬಿರುಕುಗಳಿಂದ ಹೊರಗಿನ ಕೊಳೆ ಒಳಗೆ ನುಗ್ಗುತ್ತದೆ. ಪೈಪು ಚರಂಡಿ ಪಕ್ಕದಲ್ಲೇ ಇದ್ದರೆ ಮುಂದಿನದ್ದನ್ನು ಹೇಳಬೇಕಾಗಿಲ್ಲ. ಕಾಲರಾ, ಟೈಫಾಯ್ಡ್ ಬರುವ ದಾರಿಗಳಲ್ಲಿ ಇದೂ ಒಂದು.

ಇನ್ನೊಂದು ಮಾತು. ಚರಂಡಿ ಕಟ್ಟಿಕೊಂಡಾಗ ‘ಯಾರನ್ನಾದರೂ ಇಳಿಸಿ ತೆಗೆಸಿಬಿಡೋಣ’ ಅನ್ನಬೇಡಿ. ಸುರಕ್ಷಾ ಸಾಧನವಿಲ್ಲದೆ ಮನುಷ್ಯರನ್ನು ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಮನೆ ಮಾಲೀಕ ಇಳಿಸಿದರೂ ಅಷ್ಟೇ.

ಈಗ ನೀವು ಮಾಡಬಹುದಾದದ್ದು. ರತ್ಲಾಮ್ ಜನ ಬಳಸಿದ್ದು ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ 133ನೇ ಕಲಮು, ಅಂದರೆ ಸಾರ್ವಜನಿಕರಿಗೆ ತೊಂದರೆಯಾಗುವುದನ್ನು ತೆಗೆಸಲು ಮ್ಯಾಜಿಸ್ಟ್ರೇಟ್‌ಗೆ ಅಧಿಕಾರ ಕೊಡುವ ಕಲಮು. 2024ರ ಜುಲೈಯಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು ಇದೆ. ಅದರಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ. ಬೀದಿಯವರೆಲ್ಲ ಸಹಿ ಹಾಕಿ, ಫೋಟೊ ಲಗತ್ತಿಸಿ. ಅದಕ್ಕೂ ಮೊದಲು ಮಾಹಿತಿ ಹಕ್ಕಿನಲ್ಲಿ ಪುರಸಭೆಯ ಎರಡು ವರ್ಷದ ಬಜೆಟ್ ಮತ್ತು ಖರ್ಚಿನ ಲೆಕ್ಕ ಕೇಳಿ. ‘ದುಡ್ಡಿಲ್ಲ’ ಅನ್ನುವವರು ಅದನ್ನು ಯಾವುದಕ್ಕೆ ಖರ್ಚು ಮಾಡಿದ್ದಾರೆ ಅನ್ನೋದು ಅಲ್ಲಿ ಸಿಗುತ್ತದೆ.